ದೇವರು ಒದಗಿಸುತ್ತಾನೆ ಅಂದ ಮೇಲೆ ಬಾಯಿಬಿಟ್ಟು ಕೇಳಬಹುದಾ?

ಪ್ರಶ್ನೆ: ಅಯ್ಯನವರೇ, ನನ್ನ ಗಂಡನ ಕೆಲಸ ಹೋಗಿ ಕೆಲವು ತಿಂಗಳಾಯಿತು. ಮನೆ ಬಾಡಿಗೆ, ಮಕ್ಕಳ ಫೀಸು ಎರಡೂ ಬಾಕಿ. ದೇವರು ನಿಮ್ಮ ಪ್ರತಿಯೊಂದು ಕೊರತೆಯನ್ನು ನೀಗಿಸುವನು ಅನ್ನುವ, ಬೈಬಲ್ಲಿನ ಫಿಲಿಪ್ಪಿ ಪತ್ರಿಕೆಯ ವಾಕ್ಯ ನಮ್ಮ ಗೋಡೆ ಮೇಲಿದೆ. ಅದನ್ನೇ ತೋರಿಸಿ ಅವರು, “ಯಾರ ಹತ್ತಿರವೂ ಬಾಯಿ ಬಿಡಬೇಡ. ಅನಾಥಾಲಯ ನಡೆಸಿದ ಜಾರ್ಜ್ ಮುಲ್ಲರ್ ಯಾರನ್ನಾದರೂ ಕೇಳಿದರಾ?” ಅನ್ನುತ್ತಾರೆ. ಸಭೆಯಲ್ಲಿ ಹೇಳಿಕೊಂಡರೆ ವಿಶ್ವಾಸ ಕಮ್ಮಿ ಅಂತ ಆಗುತ್ತದಾ? ನಾನು ಒಂದಿಷ್ಟು ದುಡ್ಡು ಕೂಡಿಟ್ಟಿದ್ದೇನೆ. ಅದೂ ತಪ್ಪಾ?

ಉತ್ತರ: ಇಲ್ಲಮ್ಮ, ಎರಡೂ ತಪ್ಪಲ್ಲ.

ಗೋಡೆ ಮೇಲಿರುವ ವಾಕ್ಯದ ಹಿಂದಿನ ಸಾಲುಗಳನ್ನು ಇಬ್ಬರೂ ಕೂತು ಓದಿ. ಅಪೊಸ್ತಲ ಪೌಲ ಸೆರೆಯಲ್ಲಿದ್ದಾಗ ಬರೆದ ಪತ್ರ ಅದು. ಫಿಲಿಪ್ಪಿ ಊರಿನ ಸಭೆಯವರು ಎಪಫ್ರೊದೀತ ಅನ್ನುವವನ ಕೈಯಲ್ಲಿ ಸಹಾಯ ಕಳಿಸಿದ್ದರು. ಅದು ತಲುಪಿತು, ನನಗೀಗ ಬೇಕಾದಷ್ಟಿದೆ ಅಂತ ತಿಳಿಸಿ, ಆಮೇಲೆ ಪೌಲ ಈ ಮಾತು ಬರೆಯುತ್ತಾನೆ. ಅಂದರೆ ಪೌಲನ ಕೊರತೆಯನ್ನು ದೇವರು ನೀಗಿಸಿದ್ದು ಒಬ್ಬ ಮನುಷ್ಯನನ್ನು ದಾರಿ ನಡೆಸಿ. ಆ ಮನುಷ್ಯ ಕಾಯಿಲೆ ಬಿದ್ದು ಸಾಯುವ ಸ್ಥಿತಿಗೆ ಹೋಗಿದ್ದ ಅಂತಲೂ ಅದೇ ಪತ್ರದಲ್ಲಿದೆ.

ಬರಗಾಲದಲ್ಲಿ ದೇವರು ಪ್ರವಾದಿ ಎಲೀಯನನ್ನು ಸಾಕಿದ ಕಥೆ ನಿಮಗೆ ಗೊತ್ತಿದ್ದದ್ದೇ. ಕಾಗೆಗಳು ಊಟ ತಂದವು ಅನ್ನುವ ತನಕ ಎಲ್ಲರೂ ಖುಷಿಯಾಗಿ ಹೇಳುತ್ತೇವೆ. ಮುಂದೇನಾಯಿತು? ಮಳೆಯಿಲ್ಲದೆ ಕೆರೀತ್ ಹಳ್ಳ ಬತ್ತಿತು. ದೇವರೇ ಕಳಿಸಿದ ಜಾಗ, ಆದರೂ ಬತ್ತಿತು. ಆಮೇಲೆ ದೇವರು ಅವನನ್ನು ಒಬ್ಬ ವಿಧವೆಯ ಹತ್ತಿರ ಕಳಿಸಿದನು. ನಿನ್ನನ್ನು ಸಾಕಲು ಅವಳಿಗೆ ಹೇಳಿದ್ದೇನೆ ಅಂದನು. ಆ ಹೆಂಗಸಿಗೋ ಇದರ ಸುಳಿವೇ ಇದ್ದ ಹಾಗಿಲ್ಲ. ಉಳಿದ ಹಿಡಿ ಹಿಟ್ಟಿನಲ್ಲಿ ತನಗೂ ಮಗನಿಗೂ ಕಡೇ ಊಟ ಮಾಡಲು ಸೌದೆ ಆರಿಸುತ್ತಿದ್ದಳು. ಎಲೀಯ ಸುಮ್ನೆ ನಿಂತು ಕಾಯಲಿಲ್ಲ. ನೀರು ಕೊಡು ಅಂದ, ಒಂದು ತುಂಡು ರೊಟ್ಟಿಯನ್ನೂ ತಾ ಅಂದ. ಪ್ರವಾದಿಯೇ ಬಾಯಿಬಿಟ್ಟು ಕೇಳಿದ! ಆ ಮಡಕೆ ತುಂಬಿ ತುಳುಕಿತು ಅಂತಲೂ ಬರೆದಿಲ್ಲ. ಹಿಟ್ಟು ತೀರಲಿಲ್ಲ, ಅಷ್ಟೇ.

ಇನ್ನು ಮುಲ್ಲರ್. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ 1836ರಲ್ಲಿ ಅನಾಥಾಲಯ ಶುರು ಮಾಡಿದರು, ಯಾರಲ್ಲೂ ಹಣ ಬೇಡಲಿಲ್ಲ, ಇದು ನಿಜ. ಆದರೆ ದೇವರು ಪ್ರಾರ್ಥನೆಗೆ ಉತ್ತರ ಕೊಡುತ್ತಾನೆ ಅಂತ ಜನರ ಕಣ್ಣೆದುರು ತೋರಿಸುವುದೇ ಆ ಅನಾಥಾಲಯದ ಮೊದಲ ಉದ್ದೇಶವಾಗಿತ್ತು. ಅದು ಅವರಿಗೆ ಬಂದ ಕರೆ. ಬಂದ ಕಾಣಿಕೆಯ ಲೆಕ್ಕವನ್ನೂ ಅಚ್ಚು ಹಾಕಿಸಿ ಹಂಚುತ್ತಿದ್ದರು. ನಿಮ್ಮ ಯಜಮಾನರಿಗೆ ಮುಲ್ಲರ್ ಬೇಕೇ ಬೇಕು ಅಂದರೆ ಆ ಲೆಕ್ಕದ ಪುಸ್ತಕದಿಂದ ಶುರು ಮಾಡಲಿ.

ಸಭೆಯ ಸಹಾಯ ನಿಧಿಯನ್ನು ಬಹಳ ವರ್ಷ ನೋಡಿಕೊಂಡವನು ನಾನು. ಕಷ್ಟದಲ್ಲಿರುವವರು ಹೇಗೆ ಬರುತ್ತಾರೆ ಗೊತ್ತಾ? ಆರಾಧನೆ ಮುಗಿದು ಎಲ್ಲರೂ ಹೋದ ಮೇಲೆ ಕುರ್ಚಿ ಜೋಡಿಸುವ ನೆಪದಲ್ಲಿ ಉಳಿಯುತ್ತಾರೆ. ನನ್ನ ಮಂಡಿನೋವು ವಿಚಾರಿಸುತ್ತಾರೆ. ಚಪ್ಪಲಿ ಹಾಕಿಕೊಂಡು, ಒಂದು ಕಾಲು ಹೊಸಿಲಾಚೆ ಇಟ್ಟ ಮೇಲೆ ವಿಷಯ ಹೊರಗೆ ಬರುತ್ತದೆ. ಅಷ್ಟು ಹೊತ್ತಿಗೆ ಸಾಲದ ಬಡ್ಡಿ ಅಸಲನ್ನು ಮೀರಿರುತ್ತದೆ. ಇನ್ನೊಂದು ಕಡೆ, ಯಾರಿಗಾದರೂ ಕೊಡಿ ಅಂತ ಹೆಸರು ಬರೆಯದ ಕವರ್ ಕೊಟ್ಟು ಹೋಗುವವರಿದ್ದಾರೆ. ಇವರಿಬ್ಬರನ್ನು ಸೇರಿಸುವುದೇ ನಿಧಿ ನೋಡಿಕೊಳ್ಳುವವನ ಕೆಲಸ. ಗೊತ್ತೇ ಆಗದಿದ್ದರೆ ಸೇರಿಸುವುದು ಹೇಗೆ? ಮೈಕಿನಲ್ಲಿ ಸಾರುವುದು ಬೇಡ, ಸಭಾಪಾಲಕರಿಗೆ ಒಬ್ಬರಿಗೇ ಹೇಳಿ. “ಪ್ರಾರ್ಥನೆ ಮಾಡ್ತೇವೆ” ಅಂತಷ್ಟೇ ಹೇಳಿ ಕಳಿಸಿದರೆ ಕೊರತೆಯಲ್ಲಿರುವವರಿಗೆ ಬರೀ ಮಾತು ಹೇಳಿ ಕಳಿಸಿದರೆ ಏನು ಪ್ರಯೋಜನ ಅಂತ ಕೇಳುವ ಯಾಕೋಬನ ಪತ್ರಿಕೆಯ 2ನೇ ಅಧ್ಯಾಯ ಅವರಿಗಾಗಿಯೇ ಇದೆ.

ಕೂಡಿಟ್ಟ ದುಡ್ಡಿನ ವಿಷಯ. ಅರಣ್ಯದಲ್ಲಿ ಇಸ್ರಾಯೇಲ್ಯರಿಗೆ ದೇವರು ದಿನದಿನ ಕೊಟ್ಟ ಆಹಾರವಾದ ಮನ್ನ ಮರುದಿನಕ್ಕೆ ಹುಳ ಬಿತ್ತು ಅಂತ ಹೆದರಿಸುತ್ತಾರೆ ಅಲ್ವಾ? ಆರನೇ ದಿನ ಎರಡರಷ್ಟು ಕೂಡಿಸಿ ಇಡಲು ಹೇಳಿದವನೂ ದೇವರೇ. ಅದು ಕೆಡಲಿಲ್ಲ. ಯೋಸೇಫ ಏಳು ವರ್ಷ ಬೆಳೆಯ ಐದನೇ ಒಂದು ಪಾಲು ಕೂಡಿಡಿಸಿ ಬರಗಾಲದಲ್ಲಿ ಐಗುಪ್ತವನ್ನು (ಈಜಿಪ್ಟ್) ಉಳಿಸಿದ. ನೀವು ಕೂಡಿಟ್ಟ ದುಡ್ಡಿನಲ್ಲಿ ಮೊದಲು ಬಾಡಿಗೆ ಕಟ್ಟಿ. ಫೀಸಿಗೆ ಕಂತು ಕೇಳಿ. ಗಂಡನಿಗೂ ತಿಳಿಸಿ, ಮುಚ್ಚಿಡಬೇಡಿ.

ಪ್ರಶ್ನೆ: ಸಾಲ ಮಾಡಿಯಾದರೂ ಕಾಣಿಕೆ ಕೊಟ್ಟರೆ ದೇವರು ನೂರರಷ್ಟು ಕೊಡುತ್ತಾನೆ ಅಂತ ಒಬ್ಬ ಬೋಧಕರು ಹೇಳಿದರು. ಕೊಡಲಾ?

ಉತ್ತರ: ಬೇಡ. ಇಲ್ಲದ್ದರಿಂದಲ್ಲ, ಇದ್ದದ್ದರಿಂದ ಕೊಟ್ಟರೆ ದೇವರು ಮೆಚ್ಚುತ್ತಾನೆ ಅಂತ ಪೌಲ ಕೊರಿಂಥದವರಿಗೆ ಎರಡನೇ ಪತ್ರದ 8ನೇ ಅಧ್ಯಾಯದಲ್ಲಿ ಬರೆದಿದ್ದಾನೆ. ಮೊದಲು ಇರುವ ಸಾಲ ತೀರಿಸಿ. ಅವರು ಒತ್ತಾಯ ಮಾಡಿದರೆ ನಾನು ಬೇಡ ಅಂದೆ ಅಂತಲೇ ಹೇಳಿ.