ಹುಲ್ಲುಗಾವಲಿಗೂ ದ್ವೀಪಕ್ಕೂ ಒಂದೇ ದಾರಿ

ಹಾವೇರಿ ಕಡೆಯ ಪ್ರೌಢಶಾಲೆಯೊಂದರ ಶಿಕ್ಷಕಿಯೊಬ್ಬರು ಬರೆದ ಪತ್ರ: “ಬ್ಯಾಂಕಿನಿಂದ ನಿವೃತ್ತರಾದ ನಮ್ಮ ಯಜಮಾನರ ಜೊತೆ ಮೇ ತಿಂಗಳ ರಜೆಯಲ್ಲಿ ತಾಂಜಾನಿಯಾಕ್ಕೆ ಹೋಗಬೇಕೆಂದಿದ್ದೇನೆ. ಏಜೆಂಟರು ಒಂಬತ್ತು ರಾತ್ರಿಗಳ ಪ್ಯಾಕೇಜ್ ಹೇಳಿದ್ದಾರೆ. ಐದು ರಾತ್ರಿಗಳಲ್ಲಿ ಐದು ಪಾರ್ಕು, ಆಮೇಲೆ ಜಾಂಜಿಬಾರ್ ದ್ವೀಪದ ಉತ್ತರ ತೀರದ ರೆಸಾರ್ಟಿನಲ್ಲಿ ನಾಲ್ಕು ರಾತ್ರಿ, ಅಲ್ಲಿಯ ಹಳೆಯ ಪೇಟೆಗೆ ಅರ್ಧ ದಿನ. ಮೇ ತಿಂಗಳಲ್ಲಿ ದರ ಕಡಿಮೆ, ‘ಬಿಗ್ ಫೈವ್’ ಕಾಣುವುದು ಗ್ಯಾರಂಟಿ ಎನ್ನುತ್ತಾರೆ. ಯಜಮಾನರು ಮಾತ್ರ ಪ್ರಾಣಿಗಳನ್ನು ಕಬಿನಿಯಲ್ಲೇ ನೋಡಿದ್ದಾಯಿತು, ಸಮುದ್ರದ ದಂಡೆಯಲ್ಲಿ ಒಂದು ವಾರ ಸುಮ್ಮನೆ ಇದ್ದು ಬರೋಣ ಎನ್ನುತ್ತಾರೆ. ನಾವು ಸಸ್ಯಾಹಾರಿಗಳು, ಊಟದ ಚಿಂತೆಯೂ ಇದೆ. ಯಾರ ಮಾತು ಸರಿ?”

ಮಾನ್ಯರೇ,

ನಿಮ್ಮ ಯಜಮಾನರ ಆಸೆಯಲ್ಲಿ ತಪ್ಪೇನೂ ಇಲ್ಲ. ಜೀವನವಿಡೀ ಲೆಕ್ಕದ ಪುಸ್ತಕದ ಮುಂದೆ ಕುಳಿತವರು ಒಂದು ವಾರ ಅಲೆಗಳನ್ನು ನೋಡುತ್ತ ಕೂರಬೇಕೆಂದರೆ ಅದನ್ನು ಗೌರವಿಸಬೇಕು. ಆದರೆ ಅವರ ಮಾತಿಗಿಂತ ನನ್ನನ್ನು ಹೆಚ್ಚು ಕಾಡಿದ್ದು ನಿಮ್ಮ ಏಜೆಂಟರ ಪಟ್ಟಿ. ಆಫ್ರಿಕಾದ ಹುಲ್ಲುಗಾವಲನ್ನು ತೆರೆದ ಮೃಗಾಲಯ ಎಂದೂ, ದ್ವೀಪವನ್ನು ಆ ಧೂಳು ತೊಳೆದುಕೊಳ್ಳುವ ಬಚ್ಚಲು ಎಂದೂ ತಿಳಿದವರು ಮಾಡುವ ಪಟ್ಟಿ ಅದು. ಇವೆರಡೂ ಒಂದೇ ಕಥೆಯ ಎರಡು ತುದಿಗಳೆಂದೂ, ಆ ಕಥೆಯಲ್ಲಿ ನಮ್ಮ ದೇಶದವರಿಗೆ ದೊಡ್ಡ ಪಾಲಿದೆಯೆಂದೂ ನಾನು ಬಹಳ ವರ್ಷಗಳಿಂದ ನಂಬಿದ್ದೇನೆ. ನಿಮ್ಮ ಪತ್ರ ಅದನ್ನು ವಿವರವಾಗಿ ಬರೆಯಲು ಒಂದು ಕಾರಣ ಕೊಟ್ಟಿದೆ.

ಮೊದಲು ತಿಂಗಳಿನ ವಿಷಯ. ಅಲ್ಲಿ ಮಾರ್ಚ್ ಕೊನೆಯಿಂದ ಮೇ ತಿಂಗಳವರೆಗೆ ‘ಮಸಿಕಾ’ ಎಂಬ ದೊಡ್ಡ ಮಳೆಗಾಲ. ದರ ಇಳಿಯುವುದು ಆ ಕಾರಣಕ್ಕೇ. ಹುಲ್ಲುಗಾವಲಿನ ಕರಿಮಣ್ಣಿನಲ್ಲಿ ಜೀಪು ಹೂತರೆ ಅರ್ಧ ದಿನ ಹೋಯಿತೆಂದೇ ಲೆಕ್ಕ. ದ್ವೀಪದಲ್ಲಿ ಬೆಳಗಿನಿಂದ ಮೋಡ ಕವಿದಿರುತ್ತದೆ, ಕೆಲವು ಹೋಟೆಲುಗಳು ಬಾಗಿಲನ್ನೇ ಮುಚ್ಚಿರುತ್ತವೆ. ನವೆಂಬರ್–ಡಿಸೆಂಬರ್‌ನಲ್ಲಿ ‘ವುಲಿ’ ಎಂಬ ಸಣ್ಣ ಮಳೆ ಬರುತ್ತದೆ. ಇವೆರಡರ ನಡುವೆ ಜೂನ್‌ನಿಂದ ಅಕ್ಟೋಬರ್‌ವರೆಗೆ ಒಣ ದಿನಗಳು. ನಿಮ್ಮ ಕೈಯಲ್ಲಿ ದಸರಾ ರಜೆ ಇದೆಯಲ್ಲ? ಅದು ಹೆಚ್ಚುಕಡಿಮೆ ಈ ಒಣಗಾಲದ ಕೊನೆಯಲ್ಲೇ ಬರುತ್ತದೆ. ಬೇಸಿಗೆ ರಜೆಯೆಂದರೆ ಮೇ ತಿಂಗಳು ಎಂಬ ನಮ್ಮ ಅಭ್ಯಾಸವನ್ನು ಭೂಮಧ್ಯರೇಖೆಯ ಆಚೆಗೂ ಒಯ್ದು ನೆನೆದು ಬರುವ ಕುಟುಂಬಗಳನ್ನು ನಾನು ಬಲ್ಲೆ. ಅವರಿಗೆ ಮೊದಲೇ ಹೇಳಬೇಕಾದವರು ಹೇಳಿರಲಿಲ್ಲ.

ಇನ್ನು ಐದು ರಾತ್ರಿಗಳಲ್ಲಿ ಐದು ಪಾರ್ಕಿನ ಮಾತು. ಮೊದಲ ಸಲ ಹೋದಾಗ ನಾನೂ ಇಂಥದೇ ಪಟ್ಟಿ ಹಿಡಿದು ಹೊರಟಿದ್ದೆ. ಬೆಳಗಿನ ಆರಕ್ಕೆ ಗಂಟು ಕಟ್ಟುವುದು, ಸಂಜೆ ಆರಕ್ಕೆ ಗಂಟು ಬಿಚ್ಚುವುದು, ನಡುವೆ ನೂರಾರು ಕಿಲೋಮೀಟರ್ ಕುಲುಕಾಟ. ಆ ಪ್ರವಾಸದಲ್ಲಿ ನೋಡಿದ ಸಿಂಹಗಳೆಲ್ಲ ಈಗ ನೆನಪಿನಲ್ಲಿ ಒಂದೇ ಸಿಂಹವಾಗಿ ಕಲಸಿಹೋಗಿವೆ. ಎರಡನೆಯ ಸಲ ತರಂಗೀರೆ ಎಂಬ ಒಂದೇ ಪಾರ್ಕಿನಲ್ಲಿ ಮೂರು ರಾತ್ರಿ ಉಳಿದೆ. ಒಣಗಾಲದಲ್ಲಿ ಸುತ್ತಲಿನ ಆನೆಗಳೆಲ್ಲ ಅಲ್ಲಿಯ ನದಿಯತ್ತ ಸೇರುತ್ತವೆ. ಎರಡನೆಯ ದಿನ ಮಧ್ಯಾಹ್ನ ಒಂದು ಬಾವೊಬಾಬ್ ಮರದ ಕೆಳಗೆ ಚಾಲಕ ಎಂಜಿನ್ ಆರಿಸಿದ. ಐದಾರು ಜನ ಕೈಕೈ ಹಿಡಿದರೂ ತಬ್ಬಲಾಗದ ಕಾಂಡ. ನೆಲದಿಂದ ಆನೆಯ ಎತ್ತರದವರೆಗೆ ಸಿಪ್ಪೆ ಸುಲಿದುಹೋಗಿ, ಒಳಗಿನ ನಾರು ತೆಂಗಿನ ಗುಂಜಿನಂತೆ ಜೋತಾಡುತ್ತಿತ್ತು. ಅಷ್ಟರಲ್ಲಿ ಒಂದು ಹೆಣ್ಣಾನೆ ಬಂದು ದಂತದ ತುದಿಯನ್ನು ಕಾಂಡಕ್ಕೆ ಊರಿ, ತಲೆಯನ್ನು ಒಂದು ಸಲ ಮೇಲಕ್ಕೆ ಕೊಂಕಿಸಿತು. ‘ಚರ್’ ಎಂದು ಒಂದು ಪಟ್ಟಿ ಎದ್ದಿತು. ಅದನ್ನು ಸೊಂಡಿಲಿನಿಂದ ಎಳೆದು ಬಾಯಿಗಿಟ್ಟು, ಕಬ್ಬಿನಂತೆ ಅಗಿದು ರಸ ಹೀರಿ, ಸಿಪ್ಪೆಯನ್ನು ಕೆಳಗೆ ಬಿಟ್ಟಿತು. ನೀರಿಲ್ಲದ ದಿನಗಳಲ್ಲಿ ಆ ಮರವೇ ಅದಕ್ಕೆ ಕೊಡ. ಮುಕ್ಕಾಲು ಗಂಟೆ ಅಲ್ಲೇ ಇದ್ದೆವು. ಇದನ್ನು ನೋಡಲು ದುಡ್ಡಿಗಿಂತ ಹೆಚ್ಚಾಗಿ ಸಮಯ ಬೇಕು, ನಿಮ್ಮ ಪಟ್ಟಿಯಲ್ಲಿ ಇಲ್ಲದಿರುವುದು ಅದೊಂದೇ.

ಆ ಮರ ನಿಮಗೆ ಹೊಸದಲ್ಲ ಎಂಬುದನ್ನೂ ಹೇಳಬೇಕು. ನಿಮ್ಮದೇ ಜಿಲ್ಲೆಯ ಸವಣೂರಿನ ದೊಡ್ಡಹುಣಸೆ ಮಠದಲ್ಲಿ ಇರುವುದು ಇದೇ ಜಾತಿಯ ಮರ. ಆಫ್ರಿಕಾದ ಬೀಜ ನಮ್ಮ ನೆಲಕ್ಕೆ ಬಂದು, ನಾವು ಅದಕ್ಕೆ ನಮ್ಮ ಹುಣಸೆಯ ಹೆಸರಿಟ್ಟು, ಮಠ ಕಟ್ಟಿ ಕೈಮುಗಿದಿದ್ದೇವೆ. ತಾಂಜಾನಿಯಾಕ್ಕೆ ಹೋಗುವ ಮೊದಲು ಒಂದು ಭಾನುವಾರ ಮಕ್ಕಳನ್ನು ಕರೆದುಕೊಂಡು ಸವಣೂರಿಗೆ ಹೋಗಿಬನ್ನಿ.

‘ಬಿಗ್ ಫೈವ್’ ಗ್ಯಾರಂಟಿ ಎಂಬ ಮಾತನ್ನು ಶಿಕ್ಷಕಿಯಾದ ನೀವು ಅಷ್ಟು ಸಲೀಸಾಗಿ ಬರೆದದ್ದು ನನಗೆ ಸ್ವಲ್ಪ ನೋವು ತಂದಿತು. ಸಿಂಹ, ಚಿರತೆ, ಆನೆ, ಘೇಂಡಾಮೃಗ, ಕಾಡೆಮ್ಮೆ ಈ ಐದನ್ನು ಒಂದು ಗುಂಪು ಮಾಡಿದವರು ಬಿಳಿಯ ಬೇಟೆಗಾರರು. ಕಾಲ್ನಡಿಗೆಯಲ್ಲಿ ಬೆನ್ನಟ್ಟಿ ಕೊಲ್ಲಲು ಯಾವುವು ಹೆಚ್ಚು ಅಪಾಯಕಾರಿಯೋ ಅವೇ ಅವರ ಐದು. ಬಂದೂಕಿನ ಪಟ್ಟಿಯನ್ನು ಕ್ಯಾಮೆರಾದವರು ಹಾಗೆಯೇ ಎತ್ತಿಕೊಂಡರು. ಅದರಲ್ಲಿ ಜಿರಾಫೆಗೆ ಜಾಗವಿಲ್ಲ, ವರ್ಷವಿಡೀ ಹುಲ್ಲು ಅರಸುತ್ತ ಸುತ್ತುವ ಹತ್ತು ಲಕ್ಷಕ್ಕೂ ಮಿಕ್ಕಿದ ವೈಲ್ಡ್‌ಬೀಸ್ಟ್‌ಗಳಿಗೂ ಜಾಗವಿಲ್ಲ. ಕಬಿನಿಯಲ್ಲಿ ಒಂದು ಹುಲಿ ಕಂಡಿತೆಂಬ ಸುದ್ದಿಗೆ ಜೀಪುಗಳು ಒಂದರ ಮೇಲೊಂದು ಬಂದು ಮುತ್ತಿಕೊಳ್ಳುವುದನ್ನು ನೀವು ನೋಡಿರಬೇಕು. ಅದೇ ರೋಗ ಸೆರೆಂಗೆಟಿಯಲ್ಲೂ ಇದೆ, ಅಲ್ಲಿಗೆ ಹೋಗಿ ನಾವು ಅದನ್ನು ಹೆಚ್ಚಿಸಬಾರದು.

ಸೆರೆಂಗೆಟಿ ಎಂಬುದು ಮಸಾಯಿ ಜನರ ಮಾತಿನಿಂದ ಬಂದ ಹೆಸರು, ಕೊನೆಯಿಲ್ಲದೆ ಸಾಗುವ ಬಯಲು ಎಂದು ಅರ್ಥ. 14,763 ಚದರ ಕಿಲೋಮೀಟರಿನ ಆ ರಾಷ್ಟ್ರೀಯ ಉದ್ಯಾನಕ್ಕೆ ಹೆಸರು ಕೊಟ್ಟವರೇ ಇಂದು ಅದರೊಳಗಿಲ್ಲ. ಉದ್ಯಾನ ಬೇರೆ, ದನಗಾಹಿಗಳು ಬೇರೆ ಎಂದು 1959ರಲ್ಲಿ ತೀರ್ಮಾನವಾಗಿ, ಮಸಾಯಿಗಳನ್ನು ಪಕ್ಕದ ಗೊರೊಂಗೊರೊ ಸಂರಕ್ಷಿತ ಪ್ರದೇಶಕ್ಕೆ ಕಳಿಸಲಾಯಿತು. ಇತ್ತೀಚಿನ ವರ್ಷಗಳಲ್ಲಿ ಅಲ್ಲಿಂದಲೂ ಅವರನ್ನು ದೂರದ ಹಂದೇನಿ ಜಿಲ್ಲೆಯ ಮ್ಸೊಮೆರಾ ಹಳ್ಳಿಗೆ ಸಾಗಿಸುವ ಕೆಲಸ ನಡೆದಿದೆ. ನಾಗರಹೊಳೆಯ ಜೇನುಕುರುಬರ ಹಾಡಿಗಳ ಕಥೆ ಗೊತ್ತಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಿಮ್ಮ ಚಾಲಕನಿಗೆ ಸಿಂಹ ಎಲ್ಲಿದೆ ಎಂದು ಕೇಳುವುದರ ಜೊತೆಗೆ ಇದನ್ನೂ ಒಂದು ಮಾತು ಕೇಳಿ.

ಈಗ ದ್ವೀಪಕ್ಕೆ ಬರುತ್ತೇನೆ. ಮರದ ಸಿಪ್ಪೆ ಸುಲಿದ ಆ ದಂತವೇ ನಮ್ಮನ್ನು ಅಲ್ಲಿಗೆ ಕರೆದೊಯ್ಯುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಒಳನಾಡಿನ ಆನೆದಂತವನ್ನು ಜನರ ಹೆಗಲ ಮೇಲೆ ಹೊರಿಸಿ ಕರಾವಳಿಯ ಬಗಮೋಯೊಗೆ ತಂದು, ಅಲ್ಲಿಂದ ಹಾಯಿಹಡಗಿನಲ್ಲಿ ಜಾಂಜಿಬಾರ್‌ಗೆ ದಾಟಿಸುತ್ತಿದ್ದರು. ಅದೇ ದಾರಿಯಲ್ಲಿ ಸರಪಳಿ ತೊಟ್ಟ ಮನುಷ್ಯರೂ ನಡೆದು ಬಂದರು. ಒಮಾನಿನ ಸುಲ್ತಾನ ಸೈಯದ್ ಸಯೀದ್ ತನ್ನ ಆಸ್ಥಾನವನ್ನು ಮಸ್ಕತ್ತಿನಿಂದ ಈ ದ್ವೀಪಕ್ಕೇ ತಂದ, ಲವಂಗದ ತೋಟಗಳನ್ನು ಬೆಳೆಸಿದ. ಅವನ ಬಂದರಿನ ಸುಂಕ ವಸೂಲಿಯ ಗುತ್ತಿಗೆ ದಶಕಗಳ ಕಾಲ ಇದ್ದದ್ದು ಕಚ್ಛದ ಭಾಟಿಯಾ ವರ್ತಕ ಜೈರಾಮ್ ಶಿವಜಿಯ ಮನೆತನದ ಕೈಯಲ್ಲಿ. ದಂತದ ಒಂದು ದೊಡ್ಡ ಪಾಲು ಮುಂಬಯಿಗೆ ಬರುತ್ತಿತ್ತು, ಗುಜರಾತು, ರಾಜಸ್ಥಾನದ ಮದುಮಗಳ ಕೈಬಳೆಯಾಗುತ್ತಿತ್ತು. ಆ ಹಸಿವು ಇಂದಿಗೂ ಪೂರ್ತಿ ಅಡಗಿಲ್ಲ. 2009ರಲ್ಲಿ ಸುಮಾರು 1,09,000 ಇದ್ದ ತಾಂಜಾನಿಯಾದ ಆನೆಗಳು 2014ರ ಎಣಿಕೆಯ ಹೊತ್ತಿಗೆ ಸುಮಾರು 43,000ಕ್ಕೆ ಇಳಿದಿದ್ದವು. ಬೇರೆ ದೇಶಗಳ ದಂತದ ಮಾರುಕಟ್ಟೆ ಇದಕ್ಕೆ ಮುಖ್ಯ ಕಾರಣ. ತರಂಗೀರೆಯಲ್ಲಿ ಆನೆಯನ್ನು ನೋಡಿ, ನಂತರ ಸ್ಟೋನ್ ಟೌನ್ ಎಂಬ ಜಾಂಜಿಬಾರ್‌ನ ಹಳೆಯ ಪೇಟೆಯ ಬೀದಿಯಲ್ಲಿ ಅದೇ ದಂತದ ದುಡ್ಡಿನಿಂದ ಎದ್ದ ಮಹಡಿ ಮನೆಗಳನ್ನು ನೋಡದೆ ಬಂದರೆ ಪ್ರವಾಸ ಅರ್ಧಕ್ಕೇ ನಿಂತಂತೆ.

ಈ ಪೇಟೆಗೆ ನಿಮ್ಮ ಏಜೆಂಟರು ಕೊಟ್ಟದ್ದು ಅರ್ಧ ದಿನ! ಎರಡು ಜನ ಎದುರಾದರೆ ಒಬ್ಬರು ಗೋಡೆಗೆ ಒತ್ತಿ ನಿಲ್ಲಬೇಕಾದ ಓಣಿಗಳು, ಹವಳದ ಕಲ್ಲಿನ ಗೋಡೆಗಳು, ಕೆತ್ತನೆಯ ಬಾಗಿಲುಗಳು. ಹಲವು ಬಾಗಿಲುಗಳ ಮೇಲೆ ಸಾಲಾಗಿ ಹಿತ್ತಾಳೆಯ ಮೊಳೆಗುಬ್ಬಿಗಳಿವೆ. ಆನೆ ತಲೆಕೊಟ್ಟು ನುಗ್ಗದಿರಲೆಂದು ಇಂಡಿಯಾದಲ್ಲಿ ಹೊಡೆಯುತ್ತಿದ್ದ ಮೊಳೆಗಳು ಇವು ಎಂದು ಅಲ್ಲಿಯ ಜನ ಹೇಳುತ್ತಾರೆ. ಆನೆಯೇ ಇಲ್ಲದ ದ್ವೀಪದ ಬಾಗಿಲಿಗೆ ಆನೆಯ ಭಯ ನಮ್ಮ ಕಡೆಯಿಂದ ಹೋಗಿದೆ. ಗುಲಾಮರ ಸಂತೆ ಇದ್ದ ಜಾಗದಲ್ಲಿ ಈಗ ಒಂದು ಇಗರ್ಜಿ ಇದೆ. ಆ ಸಂತೆ ಮುಚ್ಚಿದ್ದು 1873ರಲ್ಲಿ. ಇಗರ್ಜಿಯ ಅಂಗಳದ ಒಂದು ಗುಂಡಿಯೊಳಗೆ ಐದು ಮೂರ್ತಿಗಳು ಕೊರಳಿನ ಸರಪಳಿಯೊಂದಿಗೆ ನಿಂತಿವೆ. ನೋಡುವವರ ಕಾಲಿನ ಮಟ್ಟಕ್ಕೆ ಅವರ ಮುಖ ಬರುತ್ತದೆ. ನಾನು ಹೋದ ದಿನ ಅಲ್ಲಿ ಒಂದು ಶಾಲೆಯ ಮಕ್ಕಳು ಬಂದಿದ್ದರು. ಗಲಾಟೆ ಮಾಡುತ್ತ ಬಂದವರು ಗುಂಡಿಯ ಅಂಚಿಗೆ ಬಂದು ಒಬ್ಬೊಬ್ಬರಾಗಿ ಸುಮ್ಮನಾದರು.

ಸಿದಿ ಮುಬಾರಕ್ ಬಾಂಬೆ ಎಂಬವನ ಹೆಸರನ್ನು ನಿಮ್ಮ ತರಗತಿಯಲ್ಲಿ ಹೇಳಿಕೊಡಿ. ಪೂರ್ವ ಆಫ್ರಿಕಾದ ಯಾವೊ ಬುಡಕಟ್ಟಿನ ಹುಡುಗ, ಗುಲಾಮನಾಗಿ ಮಾರಾಟವಾಗಿ ನಮ್ಮ ಪಶ್ಚಿಮ ತೀರಕ್ಕೆ ಬಂದ. ಒಡೆಯ ಸತ್ತ ಮೇಲೆ ಬಿಡುಗಡೆಯಾಗಿ ಆಫ್ರಿಕಾಕ್ಕೆ ಮರಳಿದ. 1857ರಲ್ಲಿ ಬ್ರಿಟಿಷ್ ಅನ್ವೇಷಕರಾದ ಬರ್ಟನ್ ಮತ್ತು ಸ್ಪೀಕ್ ಒಳನಾಡಿನ ಸರೋವರಗಳನ್ನು ಹುಡುಕಿ ಹೊರಟಾಗ ಜೊತೆಗೆ ನಡೆದವನು ಇವನೇ. ಸ್ಪೀಕ್ ಅವನೊಡನೆ ಮಾತಾಡಿದ್ದು ಹಿಂದುಸ್ತಾನಿಯಲ್ಲಿ. ಸರೋವರಗಳನ್ನು ‘ಕಂಡುಹಿಡಿದವರ’ ಹೆಸರು ನಮ್ಮ ಮಕ್ಕಳಿಗೆ ಬಾಯಿಪಾಠ, ದಾರಿ ತೋರಿದವನದು ಗೊತ್ತಿಲ್ಲ. ಅವನಂತೆಯೇ ಸಮುದ್ರ ದಾಟಿಸಿ ತರಲಾದವರ ಮೊಮ್ಮಕ್ಕಳು ನಿಮ್ಮ ಊರಿನಿಂದ ಕೆಲವೇ ಗಂಟೆಗಳ ದಾರಿಯಲ್ಲಿ, ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಾಡಂಚಿನಲ್ಲಿ ಸಿದ್ದಿಗಳಾಗಿ ಬದುಕಿದ್ದಾರೆ, ಕನ್ನಡ, ಕೊಂಕಣಿ ಆಡುತ್ತಾರೆ.

ಊಟದ ಚಿಂತೆ ಬಿಡಿ. ನೀವು ದಿನವೂ ತಟ್ಟುವ ರೊಟ್ಟಿಯ ಜೋಳದ ತವರು ಆಫ್ರಿಕಾ. ಹಳೇ ಮೈಸೂರಿನವರು ನಮ್ಮದೇ ಎಂದು ಎದೆ ತಟ್ಟಿಕೊಳ್ಳುವ ರಾಗಿಯ ತವರೂ ಪೂರ್ವ ಆಫ್ರಿಕಾದ ಎತ್ತರದ ನಾಡುಗಳೇ. ಅಲ್ಲಿ ರಾಗಿಗೆ ‘ಉಲೆಜಿ’ ಎನ್ನುತ್ತಾರೆ, ಅದರ ಗಂಜಿಗೆ ‘ಉಜಿ’. ಮೆಕ್ಕೆಜೋಳದ ಹಿಟ್ಟಿನ ಮುದ್ದೆ ‘ಉಗಾಲಿ’, ಜೊತೆಗೆ ‘ಮಹರಾಗೆ’ ಎಂಬ ಕಾಳಿನ ಪಲ್ಯ, ‘ಮ್ಚಿಚಾ’ ಎಂಬ ಸೊಪ್ಪು, ಅದು ನಮ್ಮ ಹರಿವೆಯ ಜಾತಿಯದೇ. ಚಪಾತಿಗೆ ಅಲ್ಲಿಯೂ ಚಪಾತಿಯೆಂದೇ ಹೆಸರು, ಅಂಗಡಿಗೆ ‘ದುಕಾ’, ದುಡ್ಡಿಗೆ ‘ಪೇಸಾ’. ಮೀನು, ಮಾಂಸ ಬೇಡವೆಂದು ಮೊದಲೇ ಹೇಳಿದರೆ ಸಾಕು. ಅಡುಗೆಯವರನ್ನೇ ಜೊತೆಗೆ ಕರೆದೊಯ್ಯುತ್ತೇವೆಂದು ಜಾಹೀರಾತು ಕೊಡುವ ಪ್ರವಾಸಗಳ ಬಗ್ಗೆ ನನಗೆ ಬೇಸರವಿದೆ. ಜೋಳ, ರಾಗಿ ಕೊಟ್ಟ ನೆಲಕ್ಕೆ ಹೋಗಿ ಅಲ್ಲಿಯವರ ಅಡುಗೆಮನೆಯ ಹೊಸ್ತಿಲನ್ನೂ ತುಳಿಯದೆ ಬರುವುದು ನೆಂಟರ ಮನೆಗೆ ಬುತ್ತಿ ಕಟ್ಟಿಕೊಂಡು ಹೋದಂತೆ.

ನಂಟು ಇಷ್ಟು ಹಳೆಯದಾಗಿದ್ದರೂ ನಾವು ಆಫ್ರಿಕಾದವರನ್ನು ನಡೆಸಿಕೊಳ್ಳುವ ರೀತಿ ನೆನೆದರೆ ತಲೆ ತಗ್ಗುತ್ತದೆ. 2016ರ ಆರಂಭದಲ್ಲಿ ಬೆಂಗಳೂರಿನ ಹೊರವಲಯದಲ್ಲಿ ಬೇರೆ ದೇಶದ ಒಬ್ಬನ ಕಾರು ಅಪಘಾತ ಮಾಡಿತು. ಅದಕ್ಕೂ ತನಗೂ ಸಂಬಂಧವೇ ಇಲ್ಲದ ತಾಂಜಾನಿಯಾದ ವಿದ್ಯಾರ್ಥಿನಿಯೊಬ್ಬಳು ಆ ದಾರಿಯಲ್ಲಿ ಬಂದಳು, ಗುಂಪು ಅವಳ ಮೇಲೆ ಹಲ್ಲೆ ಮಾಡಿತು. ಬಣ್ಣವೊಂದೇ ಅವಳ ಅಪರಾಧ. ಆ ಸುದ್ದಿಯ ನಂತರ ಜಾಂಜಿಬಾರ್‌ಗೆ ಹೋದಾಗ ಹೋಟೆಲಿನ ಹಿರಿಯರೊಬ್ಬರು ಊರು ಯಾವುದೆಂದು ಕೇಳಿದರು. ಬೆಂಗಳೂರು ಎಂದೆ. ಅವರು ಒಂದು ಕ್ಷಣ ಸುಮ್ಮನಿದ್ದು, ತಮ್ಮ ತಂಗಿಯ ಮಗ ಅಲ್ಲಿ ಓದುತ್ತಿದ್ದಾನೆ, ಹುಷಾರಾಗಿದ್ದಾನೆ ತಾನೆ ಎಂದು ಕೇಳಿ ನನಗೆ ಚಹಾ ತಂದಿಟ್ಟರು. ಆ ಚಹಾ ಕುಡಿಯಲು ಬಹಳ ಹೊತ್ತು ಹಿಡಿಯಿತು. ಅವರ ಹುಲ್ಲುಗಾವಲು ಬೇಕು, ಅವರ ಬಿಳಿ ಮರಳು ಬೇಕು, ಅವರ ಮಕ್ಕಳಿಗೆ ಬಾಡಿಗೆ ಮನೆ ಮಾತ್ರ ಇಲ್ಲ ಎಂಬ ಊರಿನಿಂದ ಹೋಗುವವರು ನಾವು.

ಇನ್ನು ನೀವು ಏಜೆಂಟರಿಗೆ ಹೇಳಬೇಕಾದದ್ದು. ದಸರಾ ರಜೆಗೆ ಬದಲಿಸಿ, ರಾತ್ರಿಗಳನ್ನು ಹತ್ತು ಮಾಡಿ. ಅರುಷಾ ಊರಿನಿಂದ ರಸ್ತೆಯಲ್ಲಿ ತರಂಗೀರೆಗೆ ಹೋಗಿ ಎರಡು ರಾತ್ರಿ, ಗೊರೊಂಗೊರೊದ ಜ್ವಾಲಾಮುಖಿ ಕುಳಿಯ ಅಂಚಿನಲ್ಲಿ ಒಂದು, ಸೆರೆಂಗೆಟಿಯ ನಡುಭಾಗದ ಸೆರೊನೆರಾದಲ್ಲಿ ಮೂರು. ಆ ದಿನಗಳಲ್ಲಿ ವೈಲ್ಡ್‌ಬೀಸ್ಟ್ ಹಿಂಡುಗಳು ಬಹುಪಾಲು ಉತ್ತರದ ಮಾರಾ ನದಿಯ ಕಡೆ ಇರುತ್ತವೆ, ಅವನ್ನು ಬೆನ್ನಟ್ಟಿ ಓಡಬೇಡಿ. ಗೊರೊಂಗೊರೊದ ಅಂಚು ಎರಡು ಸಾವಿರ ಮೀಟರಿಗೂ ಎತ್ತರ, ಸ್ವೆಟರ್ ಬೇಕು. ನೀಲಿ, ಕಪ್ಪು ಬಟ್ಟೆ ಬೇಡ, ತ್ಸೆತ್ಸೆ ನೊಣ ಆ ಬಣ್ಣಗಳಿಗೇ ಮುತ್ತುತ್ತದೆ. ಸೆರೊನೆರಾದಿಂದ ಸಣ್ಣ ವಿಮಾನದಲ್ಲಿ ದ್ವೀಪಕ್ಕೆ ಹೋಗಬಹುದು. ಅದರಲ್ಲಿ ಸಾಮಾನ್ಯವಾಗಿ ತಲೆಗೆ 15 ಕಿಲೋ ಮಾತ್ರ, ಅದೂ ಮೆತ್ತನೆಯ ಚೀಲದಲ್ಲಿ. ಪ್ಲಾಸ್ಟಿಕ್ ಕೈಚೀಲಗಳು ಆ ದೇಶದಲ್ಲಿ 2019ರಿಂದ ನಿಷೇಧ, ಮನೆಯಲ್ಲೇ ಬಿಟ್ಟುಬಿಡಿ. ಮಲೇರಿಯಾ ಮಾತ್ರೆ, ಹಳದಿ ಜ್ವರದ ಲಸಿಕೆಯ ಬಗ್ಗೆ ಹೊರಡುವ ಒಂದೂವರೆ ತಿಂಗಳ ಮೊದಲೇ ಸರ್ಕಾರಿ ಲಸಿಕಾ ಕೇಂದ್ರದಲ್ಲಿ ವಿಚಾರಿಸಿ.

ಉಳಿದ ನಾಲ್ಕು ರಾತ್ರಿಗಳಲ್ಲಿ ಎರಡು ಸ್ಟೋನ್ ಟೌನ್‌ಗೆ, ಎರಡು ಪೂರ್ವ ತೀರದ ಜಂಬಿಯಾನಿ ಹಳ್ಳಿಗೆ. ಉತ್ತರ ತೀರದಲ್ಲಿ ದಿನವಿಡೀ ಈಜಬಹುದು ಎಂಬುದು ನಿಜ, ಪೂರ್ವದಲ್ಲಿ ಇಳಿತದ ಹೊತ್ತಿಗೆ ನೀರು ಬಹಳ ದೂರ ಸರಿದುಬಿಡುತ್ತದೆ. ಆಗ ಹೆಂಗಸರು ಮೊಣಕಾಲುದ್ದದ ನೀರಿನಲ್ಲಿ ಬಾಗಿ, ಗೂಟಗಳ ನಡುವೆ ಕಟ್ಟಿದ ಹಗ್ಗಗಳಿಂದ ‘ಮ್ವಾನಿ’ ಎಂಬ ಸಮುದ್ರಪಾಚಿಯನ್ನು ಬಿಡಿಸುತ್ತಾರೆ. ಉಬ್ಬರ ಮರಳುವುದರೊಳಗೆ ಮೂಟೆ ತಲೆಯ ಮೇಲೆ ಹೊತ್ತು ದಡ ಸೇರಬೇಕು. ನಿಮ್ಮ ಯಜಮಾನರು ಕೇಳಿದ ಸುಮ್ಮನೆ ಕೂರುವ ದಂಡೆ ಅಲ್ಲಿಯೇ ಇದೆ, ಅವರಿಗೆ ನನ್ನ ನಮಸ್ಕಾರ ತಿಳಿಸಿ. ಅಕ್ಟೋಬರ್‌ನ ಕೊಠಡಿಗಳು ಬೇಗ ತುಂಬುವುದರಿಂದ ಏಜೆಂಟರಿಗೆ ಈ ವಾರವೇ ಫೋನ್ ಮಾಡಿ.

— ಸಂಪಾದಕ