ಆಲಮಟ್ಟಿ ಹಿನ್ನೀರಿನ ದಂಡೆಯಲ್ಲಿ ಟ್ರೇಲರ್ ದೋಣಿಯವರು ಒಂದು ದಿನ ಸೇರಬೇಕೆಂದರೆ ಏನೇನು ನೋಡಿಕೊಳ್ಳಬೇಕು?

ನೀವು ಕೇಳಿದ್ದು ಇಷ್ಟು: ಬೆಳಗಾವಿ, ಹುಬ್ಬಳ್ಳಿ ಕಡೆಯ ಹನ್ನೆರಡು ಮಂದಿಯ ಹತ್ತಿರ ಸಣ್ಣ ಫೈಬರ್ ದೋಣಿಗಳಿವೆ. ಗಾಡಿಯ ಹಿಂದೆ ಟ್ರೇಲರ್ ಕಟ್ಟಿಕೊಂಡು ಬರುತ್ತೀರಿ. ಕೃಷ್ಣೆಯ ದಂಡೆಯಲ್ಲಿ ಪಾರ್ಕ್ ಇರುವ ಕಡೆ ಮನೆಮಂದಿ ಸಮೇತ ಸೇರಬೇಕು. ಕೂಡಲಸಂಗಮ ಚಲೋನೋ ಆಲಮಟ್ಟಿ ಚಲೋನೋ, ಯಾವ ತಿಂಗಳು?

ನಾನು ಬಾಗಲಕೋಟೆಯವನು, 14 ಅಡಿಯ ದೋಣಿ ಇದೆ, ಹಿನ್ನೀರಿನಲ್ಲಿ ಓಡಾಡುತ್ತಿರುತ್ತೇನೆ. ನನ್ನ ಮಾತು ಒಂದೇ. ಮೊದಲು ಪಾರ್ಕ್ ಹುಡುಕಬೇಡಿ, ಇಳಿಜಾರು ಹುಡುಕಿ. ದೋಣಿ ನೀರಿಗೆ ಇಳಿಯುವ ಜಾಗ ಸಿಕ್ಕರೆ ಊಟಕ್ಕೆ, ನೆರಳಿಗೆ ಜಾಗ ಎಲ್ಲಾದರೂ ಸಿಗುತ್ತದೆ.

ಕೂಡಲಸಂಗಮ ಕಣ್ಣಿಗೆ ಚೆಂದ. ಕೃಷ್ಣೆ, ಮಲಪ್ರಭೆ ಕೂಡುವ ಜಾಗ, ಬಸವಣ್ಣನವರ ಐಕ್ಯಮಂಟಪ ಅಲ್ಲೇ ಇದೆ. ಆದರೆ ಅಲ್ಲಿರುವುದು ಮೆಟ್ಟಿಲು. ಮೆಟ್ಟಿಲ ಮೇಲೆ ಟ್ರೇಲರ್ ಇಳಿಯಲ್ಲ. ಜನ ಸ್ನಾನಕ್ಕೆ ಇಳಿದಿರುತ್ತಾರೆ, ಅವರ ಹತ್ತಿರ ಇಂಜಿನ್ ಚಾಲು ಮಾಡುವುದು ತಪ್ಪು. ಇನ್ನೊಂದು ವಿಷಯ ತುಂಬ ಜನಕ್ಕೆ ಗೊತ್ತಿಲ್ಲ. ಸಂಗಮ ಇರುವುದು ಆಲಮಟ್ಟಿ ಅಣೆಕಟ್ಟಿನ ಕೆಳಗೆ, ನಾರಾಯಣಪುರ ಜಲಾಶಯದ ಹಿನ್ನೀರಿನಲ್ಲಿ. ಮೇಲೆ ಗೇಟು ಎತ್ತಿದರೆ ಅಥವಾ 290 ಮೆಗಾವ್ಯಾಟ್‌ನ ಪವರ್‌ಹೌಸಿನಿಂದ ನೀರು ಬಿಟ್ಟರೆ ಇಲ್ಲಿ ಸೆಳವು ಏಳುತ್ತದೆ. ಸಂಗಮಕ್ಕೆ ದರ್ಶನಕ್ಕೆ ಹೋಗಿ, ದೋಣಿ ಬೇರೆ ಕಡೆ ಇಳಿಸಿ. ಸಂಕ್ರಾಂತಿ ಹೊತ್ತಿಗಂತೂ ಟ್ರೇಲರ್ ಕಟ್ಟಿಕೊಂಡು ಆ ದಾರಿ ಹಿಡಿಯಲೇಬೇಡಿ. ಶರಣ ಮೇಳದ ಜನ, ಪುಣ್ಯಸ್ನಾನದ ಜನ ಎಲ್ಲ ಒಟ್ಟಿಗೆ ಬಂದಿರುತ್ತಾರೆ.

ಹಾಗಾದರೆ ಎಲ್ಲಿ? ಅಣೆಕಟ್ಟಿನ ಮೇಲ್ಭಾಗದ ಹಿನ್ನೀರು, ಬೀಳಗಿ ಮತ್ತು ಬಾಗಲಕೋಟೆ ಕಡೆಯ ದಂಡೆ. ಅಣೆಕಟ್ಟಿನ ಸಮೀಪ ಮಾತ್ರ ಬೇಡ, ಅಲ್ಲಿ ಕಾವಲಿದೆ. ಆಲಮಟ್ಟಿಯ ರಾಕ್ ಗಾರ್ಡನ್ ಮಕ್ಕಳಿಗೆ ಮರುದಿನ ತೋರಿಸಿದರಾಯಿತು.

ಇಲ್ಲಿಯ ದಂಡೆ ಒಂದೇ ಕಡೆ ನಿಲ್ಲುವುದಿಲ್ಲ. ಜಲಾಶಯ ತುಂಬಿದಾಗ ನೀರು 519.60 ಮೀಟರ್ ಎತ್ತರಕ್ಕೆ ಬರುತ್ತದೆ. ಆಮೇಲೆ ಕಾಲುವೆಗೆ ಬಿಟ್ಟಂತೆ ಇಳಿಯುತ್ತಾ ಹೋಗುತ್ತದೆ. ನೆಲ ಸಪಾಟು ಇರುವುದರಿಂದ ನೀರು ಸ್ವಲ್ಪ ಇಳಿದರೂ ಅಂಚು ಬಹಳ ದೂರ ಸರಿಯುತ್ತದೆ. ಅಲ್ಲಿ ಉಳಿಯುವುದು ಎರೆಮಣ್ಣಿನ ಹುದಲು. ಮೇಲೆ ಒಣಗಿ ಬಿರುಕು ಬಿಟ್ಟಿರುತ್ತದೆ, ಕಾಲಿಟ್ಟರೆ ಗಟ್ಟಿ ಅನಿಸುತ್ತದೆ, ಗಾಡಿ ಹೋದರೆ ಒಳಗೆ ಬೆಣ್ಣೆ. ಒಂದು ಫೆಬ್ರುವರಿಯಲ್ಲಿ ಗೆಳೆಯರೊಬ್ಬರ ಟ್ರೇಲರ್ ಅಚ್ಚಿನ ತನಕ ಕುಸಿದಿತ್ತು. ಕಬ್ಬಿನ ಟ್ರ್ಯಾಕ್ಟರ್ ಕರೆಸಿ, ಎರಡು ಹಗ್ಗ ಹರಿದ ಮೇಲೆ ಎಳೆದು ತೆಗೆದದ್ದು. ಆ ಸಂಜೆ ಯಾರೂ ಊಟ ಸರಿಯಾಗಿ ಮಾಡಲಿಲ್ಲ.

ಹಾಗಾಗಿ ನನ್ನ ಲೆಕ್ಕದಲ್ಲಿ ನವೆಂಬರ್ ಕೊನೆಯಿಂದ ಡಿಸೆಂಬರ್ ನಡುವಿನವರೆಗೆ ಒಳ್ಳೆಯ ಕಾಲ. ಮಳೆ, ಪ್ರವಾಹ ಮುಗಿದಿರುತ್ತದೆ, ನೀರು ಇನ್ನೂ ಮೇಲೇ ಇರುತ್ತದೆ. ರಾಜಹಂಸ ನೋಡುವ ಆಸೆ ಇದ್ದವರು ನೀರು ತೆಳುವಾದ ಮೇಲೆ, ದೋಣಿ ಮನೆಯಲ್ಲೇ ಬಿಟ್ಟು ಇನ್ನೊಮ್ಮೆ ಬನ್ನಿ.

ಇಳಿಜಾರಿಗೆ ನಾನು ನೆಚ್ಚುವುದು ಹಳೆ ರಸ್ತೆಗಳನ್ನು. ಊರುಗಳು ಮುಳುಗಿದಾಗ ರಸ್ತೆಗಳೂ ಮುಳುಗಿದವು. ಅಲ್ಲಲ್ಲಿ ಡಾಂಬರು ರಸ್ತೆ ನೇರ ನೀರಿನೊಳಗೆ ಹೋಗುತ್ತದೆ, ಕೆಳಗೆ ಗರಸು ಗಟ್ಟಿ ಇರುತ್ತದೆ. ಎರಡು ದಿನ ಮೊದಲು ಒಬ್ಬರು ಬಂದು, ಕೋಲು ಹಿಡಿದು, ಮೊಣಕಾಲು ನೀರಿನ ತನಕ ನಡೆದು ನೋಡಲೇಬೇಕು. ಊರಿನ ಅಂಬಿಗರೊಬ್ಬರನ್ನು ಜೊತೆಗೆ ಕರೆದುಕೊಳ್ಳಿ. ಇಲ್ಲಿ ಮೊಸಳೆಗಳಿವೆ, ಎಲ್ಲಿ ಮಲಗುತ್ತವೆ ಅಂತ ಅವರಿಗೆ ಗೊತ್ತು. ಮುಳುಗಿದ ಗೋಡೆ, ಮರದ ಬೊಡ್ಡೆ ಎಲ್ಲಿವೆ ಅನ್ನುವುದೂ ಗೊತ್ತು. ಸಭೆಯ ದಿನವೂ ಅವರು ಮುಂದಿನ ದೋಣಿಯಲ್ಲಿ ಇರಲಿ, ಅವರ ಒಂದು ದಿನದ ದುಡಿಮೆ ಮೊದಲೇ ಕೈಗೆ ಕೊಡಿ. ಸಂಜೆ ಬಿಟ್ಟ ಬಲೆಯನ್ನು ಅವರು ಬೆಳಿಗ್ಗೆ ಎತ್ತುತ್ತಾರೆ. ಎತ್ತಿ ಮುಗಿದ ಮೇಲೆಯೇ ನಿಮ್ಮ ದೋಣಿ ಇಳಿಯಲಿ. ಇಂಜಿನ್ನಿನ ಫ್ಯಾನಿಗೆ ಬಲೆ ಸುತ್ತಿಕೊಂಡರೆ ಹೋಗುವುದು ಅವರ ಹೊಟ್ಟೆಪಾಡು.

ಈಗ ಹನ್ನೆರಡು ದೋಣಿಯ ಲೆಕ್ಕ. ಇಳಿಜಾರು ಒಂದೇ. ತಯಾರಾಗಿ ಬಂದರೆ ಒಂದು ದೋಣಿಗೆ 10 ನಿಮಿಷ, ಎಲ್ಲ ಸೇರಿ 2 ಗಂಟೆ. ಇಳಿಜಾರಿನ ಮೇಲೆ ನಿಂತು ಹಗ್ಗ ಬಿಚ್ಚುತ್ತಾ, ಸಾಮಾನು ತುಂಬುತ್ತಾ ಹೋದರೆ 25 ನಿಮಿಷ, ಅಲ್ಲಿಗೆ 5 ಗಂಟೆ. ದಿನವೇ ಮುಗಿಯಿತು ಅಲ್ವಾ? ಅದಕ್ಕೇ ಎಲ್ಲ ಕೆಲಸ ಮೇಲೆ ರಸ್ತೆಯಲ್ಲೇ ಮುಗಿಯಲಿ. ಕಟ್ಟಿದ ಪಟ್ಟಿ ಬಿಚ್ಚಿ, ಲೈಟಿನ ವೈರು ತೆಗೆಯಿರಿ, ಲೈಫ್ ಜಾಕೆಟ್ ಹಾಕಿಕೊಳ್ಳಿ. ದೋಣಿಯ ಮೂತಿಯನ್ನು ಟ್ರೇಲರಿಗೆ ಎಳೆದು ಹಿಡಿಯುವ ಮುಂದಿನ ವಿಂಚಿನ ಪಟ್ಟಿ ಮಾತ್ರ ದೋಣಿ ತೇಲುವ ತನಕ ಇರಲಿ. ದೋಣಿಯ ಹಿಂದೆ ತಳದಲ್ಲಿರುವ ನೀರು ಬಿಡುವ ಬಿರಡೆಯನ್ನು ಇಬ್ಬರು ನೋಡಿ, ಬೆರಳಿಂದ ಮುಟ್ಟಿ. ಅದನ್ನು ಮರೆತ ದೋಣಿಯಲ್ಲಿ ನೀರು ಪಾದ ಮುಚ್ಚುವವರೆಗೂ ಯಾರಿಗೂ ಗೊತ್ತಾಗದೇ ಇದ್ದದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಒಳಗೆ ಎರಡು ಮಕ್ಕಳಿದ್ದರು.

ಟ್ರೇಲರ್ ಚಕ್ರದ ಹಬ್, ಅಂದರೆ ಬೇರಿಂಗ್ ಕೂತಿರುವ ನಡುಭಾಗದ ಮೇಲೆ ಅಂಗೈ ಇಟ್ಟು ನೋಡಿ. ಬೆಳಗಾವಿಯಿಂದ ಓಡಿ ಬಂದ ಹಬ್ ಕಾದಿರುತ್ತದೆ. ಹಾಗೇ ನೀರಿಗೆ ಇಳಿಸಿದರೆ ಒಳಗಿನ ಬಿಸಿ ಗಾಳಿ ಥಟ್ಟನೆ ಕುಗ್ಗಿ ಸೀಲಿನ ಸಂದಿಯಿಂದ ನೀರನ್ನು ಎಳೆದುಕೊಳ್ಳುತ್ತದೆ. ಗ್ರೀಸ್ ಕೆಡುತ್ತದೆ, ಬೇರಿಂಗ್ ಮುಂದಿನ ಸಲ ನಡುದಾರಿಯಲ್ಲಿ ಕೈ ಕೊಡುತ್ತದೆ. ಅರ್ಧ ತಾಸು ಆರಲಿ, ಅಷ್ಟರಲ್ಲಿ ಚಹಾ ಕುಡಿಯಿರಿ. ರಿವರ್ಸ್ ತೆಗೆಯಲು ರೂಢಿ ಇಲ್ಲದವರು ಸ್ಟೇರಿಂಗಿನ ಕೆಳಭಾಗ ಹಿಡಿಯಲಿ. ಕೈ ಯಾವ ಕಡೆ ಸರಿಯುತ್ತದೋ ಟ್ರೇಲರ್ ಆ ಕಡೆಗೇ ಹೋಗುತ್ತದೆ. ಗಾಡಿ ನಿಂತ ಕೂಡಲೇ ಗಾಲಿಗೆ ಕಲ್ಲು ಕೊಡಿ.

ಕಾಗದಪತ್ರ ಹಗುರವಾಗಿ ತೆಗೆದುಕೊಳ್ಳಬೇಡಿ. 2021ರ ಒಳನಾಡು ನೌಕೆಗಳ ಕಾಯ್ದೆ ಪ್ರಕಾರ ಇಂಜಿನ್ ದೋಣಿಗೆ ನೋಂದಣಿ ಬೇಕು. ಟ್ರೇಲರಿಗೆ ಆರ್‌ಟಿಒ ನೋಂದಣಿ ಬೇರೆ. ಜಲಾಶಯ ಕೃಷ್ಣಾ ಭಾಗ್ಯ ಜಲ ನಿಗಮದ ಕೈಯಲ್ಲಿದೆ, ಅವರಿಗೆ ಒಂದು ತಿಂಗಳು ಮೊದಲೇ ಅರ್ಜಿ ಕೊಟ್ಟು ಒಪ್ಪಿಗೆ ತೆಗೆದುಕೊಳ್ಳಿ. ಠಾಣೆಗೂ, ಪಂಚಾಯಿತಿಗೂ ಒಂದೊಂದು ಪ್ರತಿ ಕೊಡಿ.

ಊಟಕ್ಕೆ ಅಡುಗೆಯವರನ್ನು ಹೊರಗಿಂದ ತರಬೇಡಿ. ಊರಿನ ತಾಯಂದಿರಿಗೆ ಮೊದಲೇ ಹೇಳಿದರೆ ಕಟಕ ರೊಟ್ಟಿ, ಎಣಗಾಯಿ, ಶೇಂಗಾ ಹಿಂಡಿ, ಗಟ್ಟಿ ಮೊಸರು ಮಾಡಿ ಕೊಡುತ್ತಾರೆ. ಸಂಗಮಕ್ಕೆ ಹೋದವರು ಅಮೀನಗಡದ ಕರದಂಟು ಕಟ್ಟಿಸಿಕೊಂಡು ಬರಲಿ. ಉಳಿದದ್ದನ್ನು, ಅದರಲ್ಲೂ ಮೀನಿನ ಹೊಟ್ಟೆ, ಮಾಂಸದ ತುಂಡನ್ನು ದಂಡೆಯಲ್ಲಿ ಚೆಲ್ಲಬೇಡಿ. ಅದರ ವಾಸನೆಗೆ ಮೊಸಳೆ ದಂಡೆಗೆ ಬರುತ್ತದೆ, ಮರುದಿನ ಅಲ್ಲಿ ಎಮ್ಮೆ ಮೈ ತೊಳೆಯಲು ಬರುವುದು ಊರಿನ ಹುಡುಗರು.

ಮಧ್ಯಾಹ್ನ ಗಾಳಿ ಎದ್ದರೆ ಈ ಅಗಲ ನೀರಿನಲ್ಲಿ ತೆರೆ ಜಾಸ್ತಿ ಆಗುತ್ತದೆ, ಸಣ್ಣ ದೋಣಿಗಳು ದಂಡೆಯ ಬಳಿಯೇ ಇರಲಿ. ಆ ತಿಂಗಳಲ್ಲಿ ಆರಕ್ಕೆಲ್ಲ ಹೊತ್ತು ಮುಳುಗುತ್ತದೆ. ಮೂರೂವರೆಗೆ ದೋಣಿ ಮೇಲೆ ತೆಗೆಯಲು ಶುರು ಮಾಡಿ, ಐದೂವರೆಗೆ ಎಲ್ಲ ರಸ್ತೆ ಮೇಲೆ ಇರಲಿ. ಇಳಿಸುವಾಗ ಬರೆದಿಟ್ಟ ಹೆಸರುಗಳನ್ನು ಒಬ್ಬೊಬ್ಬರನ್ನಾಗಿ ಕೂಗಿ ನೋಡಿ. ರಾತ್ರಿ ಹೊರಡುವ ಹಟ ಬೇಡ. ಅದು ಕಬ್ಬಿನ ಹಂಗಾಮು. ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರ್‌ಗಳು ಹಿಂದೆ ಲೈಟ್ ಇಲ್ಲದೆ ಹೋಗುತ್ತಿರುತ್ತವೆ. ಬಾಗಲಕೋಟೆಯಲ್ಲೇ ಉಳಿದು ಬೆಳಗಾದ ಮೇಲೆ ಹೊರಡಿ.

ತಾರೀಖು ಗೊತ್ತಾದ ಮೇಲೆ ಇಲ್ಲೇ ಬರೆಯಿರಿ. ಕೋಲು ಹಿಡಿದು ದಂಡೆ ನೋಡಲು ನಾನೂ ಬರುತ್ತೇನೆ.