ಲೈಸೆನ್ಸ್ ಬಂದಿದೆ, ಅಂಗಿಯೊಳಗೆ ಕಾಣದಂತೆ ಇಟ್ಟುಕೊಳ್ಳಲು ಸಣ್ಣ ರಿವಾಲ್ವರ್ ತಗೊಳ್ಳಲೋ, ಪಿಸ್ತೂಲೋ?

ನಮಸ್ಕಾರ್ರಿ. ನಿಮ್ಮ ಪ್ರಶ್ನೆ ಇಷ್ಟು: ಹುಬ್ಬಳ್ಳಿ ಅಮರಗೋಳ ಎಪಿಎಂಸಿಯಲ್ಲಿ ವ್ಯಾಪಾರ, ಮೆಣಸಿನಕಾಯಿ ಸೀಸನ್ನಿನಲ್ಲಿ ವಾರಕ್ಕೆ ಎರಡು ಸಲ ಬ್ಯಾಡಗಿಗೆ ಓಡಾಟ, ಕೈಯಲ್ಲಿ ನಗದು. ಹೊಸದಾಗಿ ಲೈಸೆನ್ಸ್ ಸಿಕ್ಕಿದೆ. ಯಾರ ಕಣ್ಣಿಗೂ ಬೀಳದಂತೆ ಇಟ್ಟುಕೊಳ್ಳಲು ಆದಷ್ಟು ಸಣ್ಣದು ಯಾವುದು ಅಂತ ಕೇಳಿದ್ದೀರಿ. ಯೂಟ್ಯೂಬ್ ನೋಡಿ ಗ್ಲಾಕ್ 43, ಸಿಗ್ ಪಿ365 ಹೆಸರನ್ನೂ ಬರೆದಿದ್ದೀರಿ.

ಆ ಎರಡನ್ನೂ ಮೊದಲು ತಲೆಯಿಂದ ತೆಗೀರಿ. ಎರಡೂ ಮೂಲತಃ 9 ಎಂಎಂ. ನಮ್ಮಲ್ಲಿ 9 ಎಂಎಂ ನಿಷೇಧಿತ ಬೋರ್ (ಬೋರ್ ಅಂದರೆ ನಳಿಗೆಯ ತೂತಿನ ಅಳತೆ), ಅದರ ಲೈಸೆನ್ಸ್ ಕೊಡುವುದು ಕೇಂದ್ರ ಸರ್ಕಾರ ಮಾತ್ರ, ವ್ಯಾಪಾರಸ್ಥರಿಗೆ ಅದು ಸಿಗುವ ಮಾತಲ್ಲ. ಸಾಮಾನ್ಯ ಜನ ಹೊಸದಾಗಿ ವಿದೇಶಿ ಹತ್ಯಾರ ತರಿಸಿಕೊಳ್ಳುವುದು 80ರ ದಶಕದ ಮಧ್ಯದಲ್ಲೇ ನಿಂತಿದೆ. ಹಳೆಯ ವಾಲ್ಥರ್, ಕೋಲ್ಟ್ ಕೈಯಿಂದ ಕೈಗೆ ಹೋಗುತ್ತ ಲಕ್ಷಗಟ್ಟಲೆ ಬೆಲೆಗೆ ಮಾರಾಟವಾಗುತ್ತವೆ, ಆದರೆ ಅವುಗಳ ಸ್ಪ್ರಿಂಗ್, ಮ್ಯಾಗಜಿನ್ (ಗುಂಡು ತುಂಬುವ ಡಬ್ಬಿ) ಹುಡುಕುವುದೇ ಒಂದು ಕೆಲಸ. ದಿನಾ ಸೊಂಟದಲ್ಲಿಟ್ಟು ಓಡಾಡುವುದಕ್ಕೆ ಅಂಥದ್ದು ಬೇಡ.

ನಿಮಗೆ ಮುಖ್ಯವಾಗಿ ಉಳಿಯುವುದು .32 ಬೋರ್. ರಿವಾಲ್ವರಿನಲ್ಲಿ ಗುಂಡುಗಳು ತಿರುಗುವ ಸಿಲಿಂಡರಿನಲ್ಲಿ ಕೂರುತ್ತವೆ, ಪಿಸ್ತೂಲಿನಲ್ಲಿ ಹಿಡಿಕೆಯೊಳಗಿನ ಮ್ಯಾಗಜಿನ್ನಿನಲ್ಲಿ. ಇದರಲ್ಲೂ ಒಂದು ಗೊಂದಲವಿದೆ, ಅಂಗಡಿಗೆ ಹೋಗುವ ಮುಂಚೆ ಬಿಡಿಸಿಕೊಳ್ಳಿ. .32 ರಿವಾಲ್ವರಿಗೆ ಬೇಕಾದ ಕಾಡತೂಸು ಬೇರೆ, .32 ಪಿಸ್ತೂಲಿಗೆ ಬೇಕಾದದ್ದು ಬೇರೆ. ರಿವಾಲ್ವರಿನದು ಎಸ್ ಅಂಡ್ ಡಬ್ಲ್ಯೂ ಲಾಂಗ್: ಉದ್ದ, ಹಿಂಬದಿಯಲ್ಲಿ ಅಗಲ ಅಂಚು. ಪಿಸ್ತೂಲಿನದು ಎಸಿಪಿ: ಗಿಡ್ಡ, ಅಂಚು ಕಂಡೂ ಕಾಣದಷ್ಟು. ಲೈಸೆನ್ಸಿನಲ್ಲಿ ರಿವಾಲ್ವರ್ ಎಂದಿದೆಯೋ ಪಿಸ್ತೂಲ್ ಎಂದಿದೆಯೋ ನೋಡಿ; ಡಬ್ಬಿಯ ಮೇಲೆ ಬರೆದದ್ದನ್ನೂ ಓದದೆ ಹಣ ಕೊಡಬೇಡಿ. ಹೊಡೆತದ ಶಕ್ತಿಯಲ್ಲಿ ಎರಡಕ್ಕೂ ದೊಡ್ಡ ಅಂತರವಿಲ್ಲ, ಎರಡೂ ಸುಮಾರು 150ರಿಂದ 175 ಜೂಲ್. ಹಾಗಾಗಿ "ಯಾವುದು ಜೋರು" ಎಂಬ ಲೆಕ್ಕದ ಮೇಲೆ ಆರಿಸಬೇಡಿ.

ನನ್ನ ಉತ್ತರ: ಮೊದಲ ಸಲ ಇಟ್ಟುಕೊಳ್ಳುವವರಿಗೆ ಆರು ಗುಂಡಿನ, 3 ಇಂಚು ನಳಿಗೆಯ .32 ರಿವಾಲ್ವರ್. ಕಾನ್ಪುರದ ಸರ್ಕಾರಿ ಕಾರ್ಖಾನೆಯ ಹಳೆಯ ಮಾದರಿ ಉಕ್ಕಿನದು, ಖಾಲಿ ಇದ್ದಾಗ 700 ಗ್ರಾಂ, ಉದ್ದ ಸುಮಾರು 178 ಮಿಲಿಮೀಟರ್, ಗುಂಡು ತುಂಬಲು ನಡುವೆ ಕೀಲಿನಲ್ಲಿ ಬಾಗುವಂಥದ್ದು. 2014ರಲ್ಲಿ ಬಂದ ನಿರ್ಭೀಕ್ ಎಂಬ .32 ರಿವಾಲ್ವರ್ ಟೈಟಾನಿಯಂ ಮಿಶ್ರಲೋಹದ್ದು, ಸುಮಾರು ಅರ್ಧ ಕೆಜಿ. ಬಂದಾಗ ಅದರ ಬೆಲೆ 1.22 ಲಕ್ಷ ರೂಪಾಯಿ ಇತ್ತು. 2023ರ ಆಗಸ್ಟಿನಲ್ಲಿ ಬಂದ ಪ್ರಬಲ್ ಎಂಬ ರಿವಾಲ್ವರಿನಲ್ಲಿ ಗುಂಡು ತುಂಬಲು ಸಿಲಿಂಡರ್ ಪಕ್ಕಕ್ಕೆ ಹೊರಳುತ್ತದೆ, ತೂಕ ಮತ್ತೆ 700 ಗ್ರಾಂ. ಉತ್ತರ ಪ್ರದೇಶದ ಸಂಡೀಲಾದಲ್ಲಿ ವೆಬ್ಲಿ ಹೆಸರಿನಲ್ಲಿ ಖಾಸಗಿಯಾಗಿ ತಯಾರಾಗುವ .32 ರಿವಾಲ್ವರೂ ಇದೆ. ನೀವು "ಆದಷ್ಟು ಸಣ್ಣದು" ಅಂದಾಗ ಅಂಗಡಿಯವರು ತೋರಿಸುವುದು 250 ಗ್ರಾಂ ತೂಕದ, ಎಂಟು ಗುಂಡಿನ .22 ಬೋರಿನ ನಿಡರ್ ರಿವಾಲ್ವರ್ ಇರಬಹುದು. ಕಿಸೆಗೆ ಹಾಯಾಗಿ ಕೂಡುತ್ತದೆ, ನಿಜ. ಆದರೆ .22 ಕಾಡತೂಸಿನಲ್ಲಿ ಕಿಡಿ ಹೊತ್ತಿಸುವ ಮದ್ದು ಅಂಚಿನೊಳಗೆ ಸುತ್ತಲೂ ಹರಡಿರುತ್ತದೆ. ಒಂದು ಕಡೆ ತೆಳುವಾಗಿದ್ದು ಪಿನ್ ಅಲ್ಲೇ ಬಡಿದರೆ ಗುಂಡು ಹಾರುವುದಿಲ್ಲ. ಜೀವ ಉಳಿಸಿಕೊಳ್ಳಲು ಇಟ್ಟುಕೊಳ್ಳುವ ವಸ್ತುವಿನಲ್ಲಿ ನಾನು ಅದನ್ನು ಒಪ್ಪುವುದಿಲ್ಲ.

ಹತ್ಯಾರ ಹೊರಗೆ ಕಾಣುವುದು ಅದು ಉದ್ದ ಇದೆ ಅಂತ ಅಲ್ಲ. ನಳಿಗೆ ಪ್ಯಾಂಟಿನೊಳಗೆ ಇಳಿದುಹೋಗುತ್ತದೆ; ಅಂಗಿಯನ್ನು ಎತ್ತಿ ತೋರಿಸುವುದು ಹಿಡಿಕೆಯ ತುದಿ, ಆಮೇಲೆ ದಪ್ಪ. ಪಿಸ್ತೂಲಿನ ದಪ್ಪ ಒಂದು ಇಂಚಿನ ಆಸುಪಾಸು, ರಿವಾಲ್ವರಿನ ಸಿಲಿಂಡರ್ ಒಂದೂಕಾಲು ಇಂಚು. ಪಿಸ್ತೂಲಿಗೆ ಇರುವ ನಿಜವಾದ ಅನುಕೂಲ ಆ ಕಾಲು ಇಂಚು. ಅದನ್ನು ಬಿಟ್ಟುಕೊಟ್ಟರೆ ಸಿಗುವುದು ಏನೆಂದರೆ, ಗುಂಡು ಹಾರದಿದ್ದಾಗ ರಿವಾಲ್ವರಿನಲ್ಲಿ ಟ್ರಿಗರ್ ಇನ್ನೊಮ್ಮೆ ಎಳೆದರೆ ಮುಂದಿನ ಗುಂಡು ಬರುತ್ತದೆ. ಪಿಸ್ತೂಲಿನಲ್ಲಿ ಎಡಗೈ ಬೇಕು, ಸ್ಲೈಡ್ (ಮೇಲೆ ಹಿಂದೆಮುಂದೆ ಸರಿಯುವ ಭಾಗ) ಎಳೆಯಬೇಕು, ಅಷ್ಟು ಅಭ್ಯಾಸವೂ ಬೇಕು. .32 ಎಸಿಪಿಯಲ್ಲಿ ಇನ್ನೊಂದು ತಾಪತ್ರಯ: ಅದರ ಹಿಂಬದಿಯಲ್ಲಿ ಸಣ್ಣ ಅಂಚು ಉಳಿದಿದೆ. ಮ್ಯಾಗಜಿನ್ ತುಂಬುವಾಗ ಮೇಲಿನ ಕಾಡತೂಸಿನ ಅಂಚು ಕೆಳಗಿನದರ ಅಂಚಿನ ಹಿಂದೆ ಸಿಕ್ಕಿಕೊಂಡರೆ ಎರಡೂ ಬಿಗಿದು ಕೂತುಬಿಡುತ್ತವೆ, ಸ್ಲೈಡ್ ಎಷ್ಟು ಎಳೆದರೂ ಬಿಡುವುದಿಲ್ಲ. ಪಿಸ್ತೂಲೇ ಬೇಕೆಂದರೆ ಪ್ರತಿ ಕಾಡತೂಸಿನ ಅಂಚು ಕೆಳಗಿನದರ ಮುಂದೆಯೇ ಕೂರಬೇಕು, ತುಂಬುವಾಗಲೇ ನೋಡಿಕೊಳ್ಳಿ. ಒಂದೇ ಮ್ಯಾಗಜಿನ್ ಜೊತೆ ಕೊಡುವ ಪಿಸ್ತೂಲನ್ನು ಕೊಳ್ಳಬೇಡಿ.

ಇನ್ನು ಅಂಗಡಿಯ ಕಟ್ಟೆಯ ಮೇಲೆ ಮಾಡಬೇಕಾದ ಪರೀಕ್ಷೆ. ಖಾಲಿ ಇದೆಯೇ ಅಂತ ಕಣ್ಣಿನಿಂದಲೂ ಬೆರಳಿನಿಂದಲೂ ಖಾತ್ರಿ ಮಾಡಿಕೊಂಡು, ನಳಿಗೆಯನ್ನು ಜನರಿಲ್ಲದ ಕಡೆ ತಿರುಗಿಸಿ, ರಿವಾಲ್ವರಿನ ಹ್ಯಾಮರನ್ನು (ಹಿಂದೆ ಇರುವ, ಗುಂಡಿಗೆ ಬಡಿಯುವ ಸುತ್ತಿಗೆಯನ್ನು) ಹೆಬ್ಬೆರಳಿನಿಂದ ನಿಧಾನ, ಬಹಳ ನಿಧಾನ ಹಿಂದಕ್ಕೆ ಎಳೆಯಿರಿ. ಹ್ಯಾಮರ್ ಪೂರ್ತಿ ಹಿಂದೆ ಹೋಗಿ ನಿಲ್ಲುವ ಮೊದಲೇ ಸಿಲಿಂಡರ್ ಟಕ್ ಅಂತ ಬೀಗ ಹಾಕಿಕೊಳ್ಳಬೇಕು. ಆರೂ ಚೇಂಬರಿಗೆ, ಅಂದರೆ ಸಿಲಿಂಡರಿನಲ್ಲಿ ಗುಂಡು ಕೂರುವ ತೂತುಗಳಿಗೆ, ಹೀಗೆ ಮಾಡಿ. ಐದು ಸರಿ ಇದ್ದು ಒಂದು ತಪ್ಪಿದರೂ ಆ ಹತ್ಯಾರ ಬೇಡ. ಬೀಗ ತಡವಾದರೆ ಚೇಂಬರ್ ಮತ್ತು ನಳಿಗೆ ಎದುರುಬದುರು ನಿಲ್ಲುವುದಿಲ್ಲ, ಗುಂಡಿನ ಸೀಸ ಕೆರೆದು ಪಕ್ಕಕ್ಕೆ ಸಿಡಿಯುತ್ತದೆ. ಹ್ಯಾಮರ್ ಹಿಂದೆ ನಿಂತಿರುವಾಗ ಹೆಬ್ಬೆರಳಿನಿಂದ ಹಿಂದಿನಿಂದ ಒತ್ತಿ ನೋಡಿ, ಜಾರಬಾರದು. ಆಮೇಲೆ ಸಿಲಿಂಡರ್ ಮತ್ತು ನಳಿಗೆಯ ನಡುವಿನ ಸಂದಿ: ಬಿಲ್ ಬರೆಯುವ ಸಾಮಾನ್ಯ ಕಾಗದದ ಒಂದು ಹಾಳೆ ತೂರಬೇಕು, ಮೂರು ಹಾಳೆ ಸೇರಿಸಿದರೆ ತೂರಬಾರದು. ನಡುವೆ ಬಾಗುವ ಮಾದರಿಯಾದರೆ ಮುಚ್ಚಿದ ಮೇಲೆ ನಳಿಗೆ ಹಿಡಿದು ಮೇಲೆ ಕೆಳಗೆ ಅಲುಗಿಸಿ. ಕೀಲು ಕಟಕಟ ಅನ್ನಬಾರದು. ನಳಿಗೆಯೊಳಗೆ ಟಾರ್ಚ್ ಬಿಟ್ಟು ತುಕ್ಕಿನ ಕುಳಿ ಇವೆಯೇ ನೋಡಿ. ಕೊನೆಗೆ ಹತ್ಯಾರದ ನಂಬರನ್ನು ನೀವೇ ಓದಿ, ಬಿಲ್ಲಿನಲ್ಲೂ ಲೈಸೆನ್ಸಿನಲ್ಲೂ ಅದೇ ಇದೆಯೇ ಅಂತ ಒಂದೊಂದು ಅಂಕಿ ತಾಳೆ ಮಾಡಿ.

ಹಳೆಯ ರಿವಾಲ್ವರ್ ಕೊಂಡರೆ ಐದೇ ತುಂಬಿ, ಹ್ಯಾಮರ್ ಕೆಳಗಿನ ಚೇಂಬರ್ ಖಾಲಿ ಬಿಡಿ. ಕೆಳಗೆ ಬಿದ್ದಾಗ ಹ್ಯಾಮರಿಗೆ ಪೆಟ್ಟು ತಗುಲಿ ಗುಂಡು ಹಾರುವ ಅಪಾಯ ಅವುಗಳಲ್ಲಿದೆ. ಇದರಿಂದ ಮೊದಲ ಎಳೆತ ವ್ಯರ್ಥವಾಗುವುದಿಲ್ಲ; ಟ್ರಿಗರ್ ಎಳೆಯುವಾಗ ಸಿಲಿಂಡರ್ ಮೊದಲು ತಿರುಗಿ ತುಂಬಿದ ಚೇಂಬರನ್ನು ಎದುರಿಗೆ ತರುತ್ತದೆ, ಆಮೇಲೆ ಹ್ಯಾಮರ್ ಬೀಳುತ್ತದೆ.

ಜನ ಹತ್ಯಾರಕ್ಕೆ ಲಕ್ಷ ಸುರಿದು ಹೋಲ್‌ಸ್ಟರಿಗೆ (ಹತ್ಯಾರ ಇಟ್ಟು ಸೊಂಟಕ್ಕೆ ಕಟ್ಟುವ ಚೀಲಕ್ಕೆ) ಮುನ್ನೂರು ರೂಪಾಯಿ ಕೊಡುತ್ತಾರೆ. ಅವಘಡ ಹುಟ್ಟುವುದು ಅಲ್ಲಿಯೇ. ಮೆತ್ತನೆಯ ಬಟ್ಟೆಯ ಹೋಲ್‌ಸ್ಟರ್ ಹತ್ಯಾರ ತೆಗೆದೊಡನೆ ಬಾಯಿ ಮುಚ್ಚಿಕೊಳ್ಳುತ್ತದೆ. ಮರಳಿ ಇಡುವಾಗ ಅದರ ಅಂಚೋ ಅಂಗಿಯ ತುದಿಯೋ ಟ್ರಿಗರ್ ಬಳೆಯೊಳಗೆ ಹೋದರೆ, ಒತ್ತಿದಾಗ ಗುಂಡು ಹಾರಿ ತೊಡೆಗೆ ಬೀಳುತ್ತದೆ. ಟ್ರಿಗರ್ ಪೂರ್ತಿ ಮುಚ್ಚುವ, ಖಾಲಿ ಇದ್ದಾಗಲೂ ಬಾಯಿ ತೆರೆದೇ ಇರುವ, ಅದೇ ಮಾದರಿಗೆ ಹೊಲಿದ ಗಟ್ಟಿ ಚರ್ಮದ್ದು ಬೇಕು. ಅದಕ್ಕೆ ಒಂದೂವರೆ ಇಂಚು ಅಗಲದ, ಜೋಡು ಹೊಲಿಗೆಯ ಗಡಸು ಬೆಲ್ಟ್. ಮರಳಿ ಇಡುವಾಗ ಎಡಗೈಯಿಂದ ಅಂಗಿ ಸರಿಸಿ, ಕಣ್ಣಿಂದ ನೋಡಿ, ಹೆಬ್ಬೆರಳನ್ನು ಹ್ಯಾಮರ್ ಮೇಲಿಟ್ಟು ಇಳಿಸಿ. ಏನಾದರೂ ಟ್ರಿಗರಿಗೆ ಸಿಕ್ಕಿದ್ದರೆ ಹ್ಯಾಮರ್ ಏಳಲು ಶುರುವಾಗುತ್ತದೆ, ಅದು ಹೆಬ್ಬೆರಳಿಗೆ ತಿಳಿಯುತ್ತದೆ. ಅಲ್ಲಿಗೇ ನಿಲ್ಲಿಸಿ.

ಜಾಗ ಯಾವುದು ಎಂಬುದು ನಿಮ್ಮ ದಿನಚರಿಯ ಮೇಲೆ. ಬಲಗೈಯವರಿಗೆ ಬಲ ಸೊಂಟದ ಮೂಳೆಗಿಂತ ಸ್ವಲ್ಪ ಹಿಂದೆ ಒಳ್ಳೆಯದು. ಬೆನ್ನ ನಡುವೆ ಬೇಡ. ಸ್ಕೂಟರಿನಿಂದ ಬಿದ್ದರೆ ಬೆನ್ನುಮೂಳೆಗೂ ರಸ್ತೆಗೂ ನಡುವೆ ಉಕ್ಕಿನ ತುಂಡು ಇರುತ್ತದೆ. ಹೊಟ್ಟೆಯ ಮುಂದೆ ಇಟ್ಟರೆ ಗಾದಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಾಗ ನಳಿಗೆ ತೊಡೆಯ ಸಂದಿಗೇ ನೋಡುತ್ತದೆ. ಸ್ಕೂಟರ್ ಮೇಲೆ ಗಾಳಿಗೆ ಅಂಗಿ ಹಾರುತ್ತದೆ, ಆದ್ದರಿಂದ ಕೆಳತುದಿ ಭಾರವಿರುವ, ಚೌಕಡಿಯ ದಪ್ಪ ಅಂಗಿ ಅಥವಾ ಮೇಲೊಂದು ಜಾಕೀಟು ಹಾಕಿ. ತೆಳು ಬಿಳಿ ನೆಹರು ಶರ್ಟಿನಲ್ಲಿ ಹತ್ತು ಹೆಜ್ಜೆ ದೂರದಿಂದಲೇ ಗೊತ್ತಾಗುತ್ತದೆ. ಧೋತರ ಉಡುವ ದಿನ ಬೆಲ್ಟ್ ಇರುವುದಿಲ್ಲ, ಧೋತರದ ಕಟ್ಟಿಗೆ ಸಿಕ್ಕಿಸಿದರೆ ಎದ್ದು ನಿಂತಾಗ ಜಾರಿ ಕಾಲಿಗೆ ಬರುತ್ತದೆ. ಒಳಗೆ ಪ್ರತ್ಯೇಕ ಪಟ್ಟಾ ಕಟ್ಟಿ, ಇಲ್ಲವೇ ಅಂದು ಮನೆಯ ಕಪಾಟಿನಲ್ಲಿ ಬೀಗ ಹಾಕಿಡಿ. ಹಣದ ಚೀಲದಲ್ಲಂತೂ ಎಂದಿಗೂ ಇಡಬೇಡಿ. ಕಳ್ಳ ಕಿತ್ತುಕೊಳ್ಳುವುದೇ ಆ ಚೀಲವನ್ನು. ಸ್ಕೂಟರ್ ಡಿಕ್ಕಿಯೂ ಬೇಡ.

ಬ್ಯಾಡಗಿಯ ವಿಷಯ. ಹುಬ್ಬಳ್ಳಿ-ಧಾರವಾಡದಲ್ಲಿ ಲೈಸೆನ್ಸ್ ಕೊಡುವುದು ಪೊಲೀಸ್ ಕಮಿಷನರ್, ಹಾವೇರಿ ಮತ್ತು ಗದಗದಲ್ಲಿ ಜಿಲ್ಲಾಧಿಕಾರಿ. ನಿಮ್ಮ ಲೈಸೆನ್ಸಿನಲ್ಲಿ ಯಾವ ಪ್ರದೇಶಕ್ಕೆ ಮಾನ್ಯ ಎಂಬ ಸಾಲು ಇರುತ್ತದೆ, ಇವತ್ತೇ ಓದಿ. ಅದು ಊರಿಗೋ ಜಿಲ್ಲೆಗೋ ಮಾತ್ರ ಸೀಮಿತವಾಗಿದ್ದರೆ ಹಾವೇರಿ ಜಿಲ್ಲೆಗೆ ಹತ್ಯಾರ ಒಯ್ಯುವುದೇ ಅಪರಾಧ. ಪ್ರದೇಶ ವಿಸ್ತರಿಸಲು ಅರ್ಜಿ ಕೊಡಿ, ಬರುವತನಕ ಬ್ಯಾಡಗಿಗೆ ಬರಿಗೈಯಲ್ಲಿ ಹೋಗಿ, ಹಣವನ್ನು ಬ್ಯಾಂಕಿನ ಮೂಲಕ ಕಳಿಸಿ. 2016ರ ಶಸ್ತ್ರಾಸ್ತ್ರ ನಿಯಮದ ಪ್ರಕಾರ ಸಾರ್ವಜನಿಕ ಜಾಗದಲ್ಲಿ ಹತ್ಯಾರ ಹೋಲ್‌ಸ್ಟರಿನಲ್ಲಿ ಪೂರ್ತಿ ಮುಚ್ಚಿರಬೇಕು, ಝಳಪಿಸುವುದೂ ತಪ್ಪು. ಲಗ್ನದಲ್ಲಿ, ಮೆರವಣಿಗೆಯಲ್ಲಿ ಖುಷಿಗೆ ಹಾರಿಸಿದರೆ ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿಯಂತೆ 2 ವರ್ಷದವರೆಗೆ ಜೈಲು ಅಥವಾ 1 ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಆತ್ಮರಕ್ಷಣೆಯ ಹಕ್ಕು ಈಗ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೇ ಕಲಮುಗಳಲ್ಲಿದೆ. ಚೀಲ ಕಿತ್ತುಕೊಂಡು ಓಡುತ್ತಿರುವವನ ಬೆನ್ನಿಗೆ ಹೊಡೆದು ಆ ಹಕ್ಕನ್ನು ಹೇಳಿಕೊಳ್ಳಲು ಆಗುವುದಿಲ್ಲ.

ಮಾರ್ಕೆಟ್ಟಿನ ಮೆಣಸಿನಕಾಯಿ ಧೂಳು, ನವಲಗುಂದ ಕಡೆಯ ಎರೆಮಣ್ಣಿನ ಧೂಳು ಎಣ್ಣೆಗೆ ಅಂಟಿ ರಾಡಿಯಾಗುತ್ತದೆ, ಆದ್ದರಿಂದ ಎಣ್ಣೆ ಬೆರಳ ತುದಿಗೆ ಹತ್ತಿದಷ್ಟು ಸಾಕು. ಕಾಡತೂಸಿಗೆ ಎಣ್ಣೆ ಸೋಕಿಸಬೇಡಿ, ಪ್ರೈಮರಿಗೆ (ಹಿಂಬದಿಯ ಕಿಡಿ ಹೊತ್ತಿಸುವ ಮದ್ದಿಗೆ) ಇಳಿದರೆ ಸತ್ತುಹೋಗುತ್ತದೆ. ರಾತ್ರಿ ಚರ್ಮದ ಹೋಲ್‌ಸ್ಟರಿನಲ್ಲೇ ಬಿಡಬೇಡಿ, ಬೆವರು ಹೀರಿದ ಚರ್ಮ ಉಕ್ಕಿಗೆ ತುಕ್ಕು ಹಿಡಿಸುತ್ತದೆ; ಶ್ರಾವಣದ ಜಿಟಿಜಿಟಿ ಮಳೆಯಲ್ಲಂತೂ ದಿನಾ ಒರೆಸಿ.

ಚುನಾವಣೆ ಘೋಷಣೆಯಾದಾಗ ಹತ್ಯಾರವನ್ನು ಠಾಣೆಗೆ ಒಪ್ಪಿಸಲು ಆದೇಶ ಬರುತ್ತದೆ, ವಾರಗಟ್ಟಲೆ ಅಲ್ಲೇ ಇರುತ್ತದೆ. ಒಪ್ಪಿಸುವ ಹಿಂದಿನ ರಾತ್ರಿ ಗುಂಡು ತೆಗೆದು, ನಳಿಗೆಗೂ ಹೊರಮೈಗೂ ಈ ಸಲ ಕೈಬಿಚ್ಚಿ ಎಣ್ಣೆ ಸವರಿ, ಹೋಲ್‌ಸ್ಟರ್ ಮನೆಯಲ್ಲಿಟ್ಟು, ಹತ್ತಿ ಬಟ್ಟೆಯಲ್ಲಿ ಸುತ್ತಿ ಹೆಸರು, ಲೈಸೆನ್ಸ್ ನಂಬರ್ ಬರೆದ ಚೀಟಿ ಕಟ್ಟಿ. ರಸೀದಿಯಲ್ಲಿ ಹತ್ಯಾರದ ನಂಬರ್ ಸರಿಯಾಗಿ ಬರೆದಿದ್ದಾರೆಯೇ ನೋಡಿಕೊಂಡೇ ಠಾಣೆಯಿಂದ ಹೊರಡಿ.